ನಾಯಿ ಕರ್ಕೊಂಡು ಮಲೆನಾಡಿನ ಹೋಂಸ್ಟೇಗೆ: ಬುಕ್ ಮಾಡೋ ಮೊದಲು ಏನೇನು ಕೇಳಬೇಕು?

ಜಯನಗರ_ಲ್ಯಾಬ್
ಅಕ್ಟೋಬರ್ ಕೊನೆಗೆ ಮೂರು ರಾತ್ರಿ, ಬೆಂಗಳೂರಿಂದ ಕಾರಲ್ಲಿ. ಸಕಲೇಶಪುರ, ಚಿಕ್ಕಮಗಳೂರು, ಕೊಡಗು ಮೂರರಲ್ಲಿ ಯಾವುದಾದರೂ ಸರಿ. ಎರಡು ನಾಯಿ: ಲ್ಯಾಬ್ರಡಾರ್ ಗಂಡು, 31 ಕೆ.ಜಿ.; ನಾಡುನಾಯಿ ಹೆಣ್ಣು, 16 ಕೆ.ಜಿ., ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಲಸಿಕೆ ಮಾರ್ಚ್‌ನಲ್ಲಿ ಹಾಕಿಸಿದ್ದು. ಹೆಣ್ಣಿಗೆ ಕಾರಲ್ಲಿ ವಾಂತಿ ಬರುತ್ತೆ.
ಹುಡುಕಿದರೆ ಎಲ್ಲ ಕಡೆ "ಪೆಟ್ ಫ್ರೆಂಡ್ಲಿ" ಅಂತಲೇ ಇದೆ. ಅದರಾಚೆಗೆ ಮಾಲೀಕರನ್ನ ಏನು ಕೇಳಬೇಕು, ಜೊತೆಗೆ ಏನು ಒಯ್ಯಬೇಕು? ಗೊತ್ತಿರೋರು ವಿವರವಾಗಿ ಹೇಳಿ.

ಏಲಕ್ಕಿ_ತೋಟ
ಮೆಸೇಜಲ್ಲಿ ಕೇಳಬೇಡಿ, ಫೋನ್ ಮಾಡಿ. ಮೆಸೇಜಿಗೆ "ಯೆಸ್ ಸರ್ ವೆಲ್ಕಮ್" ಅಂತ ಬರುತ್ತೆ, ಅಷ್ಟೇ.

ಮೊದಲನೇ ಪ್ರಶ್ನೆ ಬೇಲಿದು. "ತೋಟಕ್ಕೆ ಬೇಲಿ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಅದು ದನ ಬರದ ಹಾಗೆ ಹಾಕಿದ ಮೂರೋ ನಾಲ್ಕೋ ಎಳೆ ಮುಳ್ಳುತಂತಿ, ನಾಡುನಾಯಿ ಒಂದು ಸೆಕೆಂಡಲ್ಲಿ ಅಡಿಯಿಂದ ನುಸುಳುತ್ತೆ. ನೀವು ಕೇಳಬೇಕಾದ್ದು: ಕಾಟೇಜ್ ಸುತ್ತ ಜಾಲರಿ ಬೇಲಿ ಹಾಕಿದ ಅಂಗಳ ಇದೆಯಾ, ಎತ್ತರ ಎಷ್ಟು (5 ಅಡಿ ಇದ್ದರೆ ಒಳ್ಳೇದು), ಗೇಟಿನ ಕೆಳಗೆ ಎಷ್ಟು ಸಂದಿ ಇದೆ. ಅದರ ಫೋಟೋ ಕೇಳಿ. ಕಾಟೇಜಿನ ಫೋಟೋ ಅಲ್ಲ, ಬೇಲಿ ಫೋಟೋ.

ಎರಡನೇದು ಮನೆ ನಾಯಿಗಳು. ತೋಟದ ಮನೆ ಅಂದಮೇಲೆ ಎರಡು ಮೂರು ನಾಯಿ ಇದ್ದೇ ಇರುತ್ತೆ, ಬಹಳ ಕಡೆ ರಾತ್ರಿ ಬಿಚ್ಚಿ ಬಿಡ್ತಾರೆ. ಎಷ್ಟಿವೆ, ಗಂಡೆಷ್ಟು, ಅತಿಥಿ ನಾಯಿ ಬಂದಾಗ ಕಟ್ಟಿ ಹಾಕ್ತಾರಾ, ಅವಕ್ಕೆ ರೇಬೀಸ್ ಲಸಿಕೆ ಆಗಿದೆಯಾ. ಕೊನೇದನ್ನ ಕೇಳೋಕೆ ಸಂಕೋಚ ಪಡಬೇಡಿ, ನಾವೂ ನಿಮ್ಮ ನಾಯಿ ಲಸಿಕೆ ಪುಸ್ತಕ ಕೇಳ್ತೀವಿ.

ಮೂರನೇದು, ನಾಯಿ ಮಲಗೋದು ಎಲ್ಲಿ. ಕೆಲವು ಕಡೆ ಪೆಟ್ ಫ್ರೆಂಡ್ಲಿ ಅಂದರೆ ಹಿತ್ತಲಲ್ಲಿ ಒಂದು ಗೂಡು. ಜಗುಲಿ ಕಂಬಕ್ಕೆ ಕಟ್ಟಿ ಅಂದರೂ ಬುಕ್ ಮಾಡಬೇಡಿ. ಈ ಕಡೆಯೆಲ್ಲ ಚಿರತೆ ಓಡಾಡುತ್ತೆ, ರಾತ್ರಿ ಕಟ್ಟಿದ ನಾಯಿ ಅದಕ್ಕೆ ಸುಲಭದ ಊಟ. ರೂಮಿನ ಒಳಗೆ ಬಿಡ್ತೀವಿ ಅಂತ ಬಾಯಲ್ಲಿ ಹೇಳಿಸಿಕೊಳ್ಳಿ.

ಉಳಿದವು ಸಣ್ಣವು: ಕೋಳಿ ಬಿಟ್ಟಿದ್ದಾರಾ, ಕೊನೇ ಎರಡು ಮೂರು ಕಿಲೋಮೀಟರ್ ಅವರ ಜೀಪಲ್ಲೇ ಹೋಗಬೇಕಾ (ತೆರೆದ ಜೀಪಿನ ಹಿಂದೆ 31 ಕೆ.ಜಿ. ನಾಯಿ ಹಿಡ್ಕೊಂಡು ಕೂರೋದು ಸುಲಭ ಅಲ್ಲ), ಊಟದ ಜಾಗಕ್ಕೆ ಬಿಡ್ತಾರಾ, ಮೊಬೈಲ್ ಸಿಗ್ನಲ್ ಯಾವುದು ಸಿಗುತ್ತೆ, ನಾಯಿಗೆ ದರ ಬೇರೆಯಾ. ದರ ಒಂದೊಂದು ಕಡೆ ಒಂದೊಂದು ಥರ. ದರ ಇದ್ದಲ್ಲಿ ಬೆಡ್‌ಶೀಟ್ ಒಗೆಯೋದು ಅದರಲ್ಲಿ ಸೇರಿದೆಯಾ ಅಂತ ಕೇಳಿ, ಹೊರಡುವಾಗ ಜಗಳ ತಪ್ಪುತ್ತೆ.

ಪಶುವೈದ್ಯೆ_ಹಾಸನ
ಲಸಿಕೆ ಪುಸ್ತಕದ ಸ್ಟಿಕ್ಕರ್ ನೋಡಿ. ಡಿಎಚ್‌ಪಿಪಿಐ (ಹಲವು ರೋಗಕ್ಕೆ ಸೇರಿಸಿ ಹಾಕೋ ಲಸಿಕೆ) ಆದ ಮೇಲೆ "+ ಎಲ್" ಇದೆಯಾ? ಆ ಎಲ್ ಅಂದರೆ ಲೆಪ್ಟೊಸ್ಪೈರಾ, ಇಲಿಜ್ವರ. ಗದ್ದೆ ಬದುವಿನ ನೀರು, ನಿಂತ ಹಳ್ಳ, ದನದ ಕೊಟ್ಟಿಗೆ ಮುಂದಿನ ಕೆಸರಲ್ಲಿ ಬರುತ್ತೆ. ಸ್ಟಿಕ್ಕರಲ್ಲಿ ಅದಿಲ್ಲದಿದ್ದರೆ ಎರಡು ಡೋಸ್ ಬೇಕು, ನಡುವೆ 3-4 ವಾರ ಅಂತರ, ಎರಡನೇದಾದ ಮೇಲೆ ಎರಡು ವಾರ ಬಿಟ್ಟು ಪ್ರಯಾಣ. ಅಂದರೆ ಅಕ್ಟೋಬರ್ ಕೊನೆಗೆ ಹೊರಡೋದಾದರೆ ಸೆಪ್ಟೆಂಬರ್ ಮಧ್ಯದೊಳಗೆ ಶುರು ಮಾಡಬೇಕು. ಇದ್ದರೆ ಮುಂದಿನ ಮಾರ್ಚ್‌ವರೆಗೆ ನಡೆಯುತ್ತೆ.

ಉಣ್ಣೆಗೆ (ಮೈಗೆ ಕಚ್ಚಿ ರಕ್ತ ಹೀರೋ ಹುಳ) ಚರ್ಮದ ಮೇಲೆ ಹನಿ ಹಾಕೋ ಸ್ಪಾಟ್-ಆನ್‌ಗಿಂತ ಜಗಿಯೋ ಮಾತ್ರೆ ಮಲೆನಾಡಿಗೆ ವಾಸಿ. ಮಳೆ, ಹಳ್ಳ ಅಂತ ಮೈ ನೆನೆಯುತ್ತಲೇ ಇರುತ್ತೆ, ಮೇಲೆ ಹಾಕಿದ್ದು ಸರಿಯಾಗಿ ಉಳಿಯಲ್ಲ. ಫ್ಲುರಾಲೇನರ್ ಒಂದು ಮಾತ್ರೆ ಸುಮಾರು 12 ವಾರ, ಅಫಾಕ್ಸೊಲೇನರ್ ಒಂದು ತಿಂಗಳು. ತೂಕದ ಪಟ್ಟಿ ಮುಖ್ಯ: ಫ್ಲುರಾಲೇನರ್‌ನಲ್ಲಿ 10ರಿಂದ 20 ಕೆ.ಜಿ.ಗೆ 500 ಮಿ.ಗ್ರಾಂ., 20ರಿಂದ 40 ಕೆ.ಜಿ.ಗೆ 1000 ಮಿ.ಗ್ರಾಂ. ದೊಡ್ಡದನ್ನ ಮುರಿದು ಎರಡಕ್ಕೂ ಹಂಚಬೇಡಿ. ಊಟದ ಜೊತೆ ಕೊಡಿ, ಖಾಲಿ ಹೊಟ್ಟೇಲಿ ಹೀರಿಕೊಳ್ಳೋದು ಕಡಿಮೆ. ಹೊರಡೋಕೆ ಎರಡು ಮೂರು ದಿನ ಮೊದಲು ಕೊಟ್ಟರೆ ಸರಿ. ಹಿಂದೆ ಯಾವಾಗಾದರೂ ಫಿಟ್ಸ್ ಬಂದಿದ್ದರೆ ಈ ಗುಂಪಿನ ಔಷಧಿ ಕೊಡೋ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಲೇಬೇಕು.

ಮಾತ್ರೆ ಕೊಟ್ಟಾಯ್ತು ಅಂತ ಮೈ ನೋಡೋದು ಬಿಡಬೇಡಿ. ಉಣ್ಣೆ ಕಚ್ಚಿ ರಕ್ತ ಹೀರಿದ ಮೇಲೇ ಅದು ಸಾಯೋದು, ಎರ್ಲಿಕಿಯಾ ರೋಗಾಣು ಕೆಲವೇ ಗಂಟೆಯಲ್ಲಿ ದಾಟಿಬಿಡಬಹುದು. ದಿನಾ ಸಂಜೆ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕಂಕುಳು, ತೊಡೆಸಂದಿ, ಬಾಲದ ಬುಡ, ಪಟ್ಟಿ ಬಿಚ್ಚಿ ಕುತ್ತಿಗೆ. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ನಿಧಾನ ಎಳೀರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಉಗುರಲ್ಲಿ ಹೊಸಕಿ ಒಡೀಬೇಡಿ, ಸ್ಪಿರಿಟ್ ಬಾಟಲಿಗೆ ಹಾಕಿ.

ತುಂಗಾ_ತೀರ
ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪ, ಎನ್.ಆರ್.ಪುರ ಕಡೆ ಯೋಚಿಸೋರಿಗೆ ಒಂದು ಸೇರಿಸ್ತೀನಿ. ಮಂಗನ ಕಾಯಿಲೆ, ಉಣ್ಣೆ ಕಚ್ಚಿ ಬರೋ ಜ್ವರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದದ್ದು, ಈಗಲೂ ಹೆಚ್ಚೂಕಮ್ಮಿ ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ನಾಯಿಯಿಂದ ಮನುಷ್ಯರಿಗೆ ನೇರ ಬರಲ್ಲ, ಆದರೆ ಕಾಡಿನ ಉಣ್ಣೆ ನಾಯಿ ಮೈ ಹತ್ತಿ ಹಾಸಿಗೆವರೆಗೆ ಬರುತ್ತೆ. ಆ ತಿಂಗಳುಗಳಲ್ಲಿ ಒಣ ಎಲೆ ರಾಶಿ ಇರೋ ಕಾಡಂಚಿಗೆ ನಾಯಿ ಕರ್ಕೊಂಡು ಹೋಗಬೇಡಿ, ಮಂಗ ಸತ್ತಿದೆ ಅಂತ ಸುದ್ದಿ ಇದ್ದರೆ ಆ ಊರನ್ನೇ ಬಿಡಿ. ಬುಕ್ ಮಾಡುವಾಗ "ಈ ವರ್ಷ ಹತ್ತಿರದಲ್ಲಿ ಕೇಸ್ ಇದೆಯಾ" ಅಂತ ಕೇಳಿದರೆ ಹಳ್ಳಿಯೋರು ಮುಚ್ಚಿಡಲ್ಲ. ಉಣ್ಣೆ ಹತ್ತದಿರಲಿ ಅಂತ ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ ನಿಮ್ಮ ಕಾಲಿಗೆ, ನಾಯಿಗಲ್ಲ. ನಾಯಿ ನೆಕ್ಕಿಕೊಳ್ಳುತ್ತೆ.

ಕಾಡುಮೇಡು
ಇಷ್ಟೆಲ್ಲ ಹೆದರಿಸಿದರೆ ಯಾರು ಹೋಗ್ತಾರೆ? ಹಳ್ಳಿಗೆ ಹೋಗೋದೇ ನಾಯಿ ಬಿಟ್ಟು ಓಡಾಡಿಸೋಕೆ. ಕರೆದರೆ ಬರುವಂತೆ ಕಲಿಸಿದ ನಾಯಿಯನ್ನ ತೋಟದಲ್ಲಿ ಬಿಡಬಹುದು.

ಏಲಕ್ಕಿ_ತೋಟ
ಇಲ್ಲ ಮಾರಾಯ್ರೇ. ತೋಟ ಅಂದರೆ ಪಾರ್ಕಲ್ಲ, ಕೆಲಸ ನಡೀತಿರೋ ಜಾಗ. ನಿಮ್ಮ ನಾಯಿ ಕರೆದರೆ ಬರುತ್ತೆ, ಒಪ್ಪಿದೆ. ಉರುಳಿಗೆ ಸಿಕ್ಕಿದ ನಾಯಿ ಹೇಗೆ ಬರುತ್ತೆ?

ಕಾಡುಹಂದಿಗೆ ಅಂತ ಕ್ಲಚ್ ವೈರಿನ ಉರುಳು ಹಾಕೋರು ಇದ್ದಾರೆ, ಕಾನೂನುಬಾಹಿರ ಆದರೂ. ಪಕ್ಕದ ತೋಟದಲ್ಲಿ ಹಾಕಿದ್ದು ನಮಗೂ ಗೊತ್ತಿರಲ್ಲ. ಕುತ್ತಿಗೆಗೆ ಬಿದ್ದರೆ ಎಳೆದಷ್ಟೂ ಬಿಗಿಯುತ್ತೆ. ಬ್ಯಾಗಲ್ಲಿ ಒಂದು ಕಟಿಂಗ್ ಪ್ಲೇಯರ್ ಇರಲಿ, ಅಡಿಕೆಕತ್ತರಿಯಲ್ಲಿ ಆ ವೈರ್ ತುಂಡಾಗಲ್ಲ. ಇನ್ನೊಂದು ಸಿಡಿಮದ್ದು. ಹಂದಿಗೆ ಅಂತ ತಿನ್ನೋ ವಸ್ತುವಲ್ಲಿ ಸುತ್ತಿ ಇಟ್ಟದ್ದನ್ನ ನಾಯಿ ಕಚ್ಚಿದರೆ ದವಡೆಯೇ ಹೋಗುತ್ತೆ. ಇಲಿಪಾಷಾಣ ಗೋಡೌನ್ ಸುತ್ತ ಇಟ್ಟಿರ್ತೀವಿ.

ಆನೆ ವಿಷಯ ಬೇರೆಯೇ. ಸಕಲೇಶಪುರ, ಆಲೂರು, ಬೇಲೂರು, ಕೊಡಗಿನ ಅರ್ಧ ಭಾಗ, ಎಲ್ಲ ಕಡೆ ಕಾಡಾನೆ ಕಾಫಿ ಗಿಡದ ಒಳಗೇ ನಿಂತಿರುತ್ತೆ. ನಾಯಿ ಬೊಗಳುತ್ತಾ ಹೋಗುತ್ತೆ, ಆನೆ ತಿರುಗಿ ಅಟ್ಟಿಸಿಕೊಂಡು ಬರುತ್ತೆ, ನಾಯಿ ಓಡಿ ಬರೋದು ಯಾರ ಹತ್ತಿರ? ನಿಮ್ಮ ಹತ್ತಿರ. ಬೆಳಿಗ್ಗೆ ವಾಕಿಂಗ್ ಮುಂಚೆ ರೈಟರನ್ನ (ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋರು) ಕೇಳಿ, ಆನೆ ಎಲ್ಲಿದೆ ಅಂತ ತೋಟದೋರ ವಾಟ್ಸಾಪ್ ಗುಂಪಲ್ಲಿ ಬಂದಿರುತ್ತೆ. ಬೆಳಿಗ್ಗೆ 7ಕ್ಕೆ ಮುಂಚೆ, ಸಂಜೆ 6ರ ಮೇಲೆ ಕಾಟೇಜ್ ಅಂಗಳ ಬಿಟ್ಟು ಹೋಗಬೇಡಿ.

ಬಾರು_ಹಾರ್ನೆಸ್
ಬಿಡೋದಕ್ಕೂ ಕಟ್ಟೋದಕ್ಕೂ ನಡುವೆ ಒಂದು ದಾರಿ ಇದೆ, ಉದ್ದ ಬಾರು. 10 ಮೀಟರ್, ನೈಲಾನ್ ಪಟ್ಟಿ. ಹಾರ್ನೆಸ್‌ನ ಬೆನ್ನಿನ ಕೊಂಡಿಗೆ ಮಾತ್ರ ಸಿಕ್ಕಿಸಿ, ಕುತ್ತಿಗೆ ಪಟ್ಟಿಗೆ ಹಾಕಿದರೆ 10 ಮೀಟರ್ ಓಡಿ ಬಂದ ವೇಗಕ್ಕೆ ಕುತ್ತಿಗೆಗೆ ಪೆಟ್ಟು. ಕೈಗೆ ಸುತ್ತಿಕೊಳ್ಳಬೇಡಿ, ಲ್ಯಾಬ್ ಎಳೆದರೆ ಬೆರಳು ಮುರಿಯುತ್ತೆ. ಇದು ಬಯಲಿಗೆ, ಹುಲ್ಲಿಗೆ, ಗದ್ದೆ ಬದಿಗೆ ಸರಿ. ಕಾಫಿ ಸಾಲಿನ ಒಳಗೆ ಗಿಡಗಿಡಕ್ಕೂ ಸುತ್ತಿಕೊಳ್ಳುತ್ತೆ, ಅಲ್ಲಿ ಮಾಮೂಲಿ 1.5 ಮೀಟರ್‌ದೇ ಇರಲಿ. ಗುಂಡಿ ಒತ್ತಿದರೆ ಸುತ್ತಿಕೊಳ್ಳೋ ಬಾರು ಬೇಡ, ಕೈ ಜಾರಿ ಬಿದ್ದರೆ ಡಬ್ಬಿ ಸದ್ದಿಗೆ ನಾಯಿ ಇನ್ನೂ ಓಡುತ್ತೆ.

ಕಬ್ಬಿಣದ ಸರಪಳಿಯೂ ಬೇಡ. ಸೋಲಾರ್ ಬೇಲಿಗೆ (ಊರಲ್ಲಿ ಐಬೆಕ್ಸ್ ಅಂತಾರೆ) ನಾಯಿ ತಾಗಿದರೆ ಸರಪಳಿ ಹಿಡಿದ ನಿಮಗೂ ಹೊಡೆಯುತ್ತೆ. ಆ ಬೇಲಿ ಬಿಟ್ಟು ಬಿಟ್ಟು ಕರೆಂಟ್ ಹರಿಸೋದು, ಕೊಲ್ಲಲ್ಲ. ಆದರೆ ಶಾಕ್ ತಿಂದ ನಾಯಿ ದಿಕ್ಕು ನೋಡದೆ ಓಡುತ್ತೆ, ಅದೇ ಅಪಾಯ. ಪಟ್ಟಿ ಮೇಲೆ ಫೋನ್ ನಂಬರ್ ಇರಲಿ. ನಿಮ್ಮದಕ್ಕೆ ಸಿಗ್ನಲ್ ಸಿಗದ ಕಡೆ ಹೋಂಸ್ಟೇ ನಂಬರನ್ನ ಟೇಪಲ್ಲಿ ಬರೆದು ಅಂಟಿಸಿ.

ಜಯನಗರ_ಲ್ಯಾಬ್
ಇಂಬಳ (ನೆಲದ ಜಿಗಣೆ) ಅಕ್ಟೋಬರ್ ಕೊನೆಗೂ ಇರುತ್ತಾ? ಮತ್ತೆ ವಾಂತಿಗೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಪಶುವೈದ್ಯೆ_ಹಾಸನ
ಮಳೆ ನಿಂತಿಲ್ಲ ಅಂದರೆ ಇರುತ್ತೆ. ನಾಯಿಗೆ ಬೆರಳ ಸಂದಿ, ತುಟಿ, ಕಣ್ಣಿನ ರೆಪ್ಪೆ. ಉಪ್ಪು ಸುರಿದರೆ ಬಿಡುತ್ತೆ ನಿಜ, ಆದರೆ ಕುಡಿದದ್ದನ್ನ ಗಾಯಕ್ಕೇ ಕಕ್ಕುತ್ತೆ. ಸಪೂರ ತುದಿ ಬಾಯಿ ಇರೋ ಕಡೆ, ಅಲ್ಲಿ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ, ಆಮೇಲೆ ದಪ್ಪ ತುದಿ. ರಕ್ತ ಸ್ವಲ್ಪ ಹೊತ್ತು ಸೋರುತ್ತೆ, ಹತ್ತಿ ಒತ್ತಿ ಹಿಡಿದು ಪೊವಿಡೋನ್ ಅಯೋಡಿನ್ ಹಚ್ಚಿ. ನಮ್ಮ ಕಾಲಿಗೆ ಹಚ್ಚೋ ಹೊಗೆಸೊಪ್ಪು, ನಶ್ಯ ನಾಯಿಗೆ ಹಚ್ಚಲೇಬೇಡಿ. ನೆಕ್ಕಿದರೆ ನಿಕೋಟಿನ್ ವಿಷ.

ಹಳ್ಳದ ನೀರು ಕುಡಿಯುವಾಗ ಮೂಗಿನ ಒಳಗೆ ಹೋಗೋ ಜಿಗಣೆ ಬೇರೆ ಜಾತಿ. ಒಂದೇ ಹೊಳ್ಳೆಯಿಂದ ರಕ್ತ, ಮೇಲಿಂದ ಮೇಲೆ ಸೀನು, ಮೂಗು ಉಜ್ಜೋದು ಅಂದರೆ ಅದೇ ಅನುಮಾನ. ಕೆಲವು ಗಂಟೆ ನೀರು ಕೊಡದೆ ಇಟ್ಟು, ಆಮೇಲೆ ಅಗಲ ಬೋಗುಣಿಯಲ್ಲಿ ತಣ್ಣೀರು ಮೂಗಿನ ಹತ್ತಿರ ಹಿಡಿದರೆ ನೀರಿಗೆ ಅದು ತಲೆ ಹೊರಹಾಕುತ್ತೆ, ಆಗ ಆರ್ಟರಿ ಫೋರ್ಸೆಪ್ಸಲ್ಲಿ (ಡಾಕ್ಟರು ಬಳಸೋ ಕಚ್ಚಿ ಹಿಡಿಯೋ ಇಕ್ಕಳ) ಹಿಡೀಬೇಕು. ಕೈಯಲ್ಲಿ ಜಾರುತ್ತೆ. ಎರಡು ಸಲ ಆಗದಿದ್ದರೆ ಆಸ್ಪತ್ರೆ. ಹೊಳ್ಳೆ ಒಳಗೆ ಉಪ್ಪುನೀರು ಹೊಯ್ಯೋ ಸಾಹಸ ಬೇಡ.

ವಾಂತಿಗೆ ಮರೋಪಿಟೆಂಟ್ ಅಂತ ನಾಯಿಗೇ ಇರೋ ಮಾತ್ರೆ, ಹೊರಡೋಕೆ ಎರಡು ಗಂಟೆ ಮೊದಲು, ತುಸು ತಿಂಡಿ ಜೊತೆ. ಪ್ರಮಾಣ ನಿಮ್ಮ ಡಾಕ್ಟರ್ ತೂಕ ನೋಡಿ ಬರೀತಾರೆ. ಹೊಟ್ಟೆ ತುಂಬ ಊಟ ಹಿಂದಿನ ರಾತ್ರಿಯೇ ಮುಗಿಸಿ. ನಿದ್ದೆ ಬರಿಸೋ ಮಾತ್ರೆ ಕೇಳಬೇಡಿ, ಬಿಸಿ ಕಾರಲ್ಲಿ ಮೈ ತಂಪು ಮಾಡ್ಕೊಳ್ಳೋ ಶಕ್ತಿಯನ್ನೇ ಅದು ತಗ್ಗಿಸುತ್ತೆ.

ಹೆದ್ದಾರಿ_75
ಕಾರಲ್ಲಿ ವಾಂತಿ ಮಾಡೋ ನಾಯಿಗೆ ಮೂರರಲ್ಲಿ ಸಕಲೇಶಪುರವೇ ವಾಸಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಒಟ್ಟು ಸುಮಾರು 220 ಕಿ.ಮೀ., ಘಾಟಿ ಇಲ್ಲ. ಶಿರಾಡಿ ಘಾಟಿ ಶುರುವಾಗೋದೇ ಸಕಲೇಶಪುರ ದಾಟಿದ ಮೇಲೆ. ಮಡಿಕೇರಿಗಾದರೆ ಕುಶಾಲನಗರದಿಂದ ಮೇಲೆ ತಿರುವು, ಚಿಕ್ಕಮಗಳೂರಲ್ಲಿ ಪೇಟೆವರೆಗೆ ಆರಾಮ, ಗಿರಿ ಕಡೆ ಹತ್ತಿದರೆ ಮುಗೀತು.

ಹಿಂದಿನ ಸೀಟಿನ ಬೆಲ್ಟ್ ಕೊಂಡಿಯನ್ನ ಎದೆ ಹಾರ್ನೆಸ್‌ಗೆ ಹಾಕಿ, ಕುತ್ತಿಗೆ ಪಟ್ಟಿಗೆ ಎಂದೂ ಬೇಡ. ಎರಡು ಎರಡೂವರೆ ಗಂಟೆಗೊಮ್ಮೆ ಇಳಿಸಿ, ಇಳಿಸೋ ಮೊದಲು ಬಾರು ಹಾಕಿ ಆಮೇಲೆ ಬಾಗಿಲು. ಹೆದ್ದಾರಿ ಪಕ್ಕ ನಾಯಿ ಕಳೆದುಹೋಗೋದು ಬಹುಪಾಲು ಈ ಅರ್ಧ ನಿಮಿಷದಲ್ಲೇ. ತಿಂಡಿಗೆ ನಿಂತಾಗ ಒಬ್ಬರು ಒಳಗೆ, ಒಬ್ಬರು ನಾಯಿ ಜೊತೆ ಹೊರಗೆ. ಗಾಜು ಎರಡು ಬೆರಳು ಇಳಿಸಿಟ್ಟರೂ ಬಿಸಿಲಲ್ಲಿ ನಿಂತ ಕಾರು ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತೆ. ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂತಿಯವಕ್ಕೆ ಅಷ್ಟು ಸಾಕು.

ಬಂಡೀಪುರ ದಾಟಿ ಊಟಿ, ವಯನಾಡು ಕಡೆ ಹೋಗೋರು: ರಾತ್ರಿ 9ರಿಂದ ಬೆಳಿಗ್ಗೆ 6 ರಸ್ತೆ ಬಂದ್, ಹಗಲಲ್ಲೂ ಕಾಡಿನ ಮಧ್ಯೆ ಗಾಡಿ ನಿಲ್ಲಿಸೋ ಹಾಗಿಲ್ಲ. ಚೆಕ್‌ಪೋಸ್ಟಿಗೆ ಮುಂಚೆಯೇ ನಾಯಿಗೆ ಮೂತ್ರ ಮಾಡಿಸಿಕೊಳ್ಳಿ.

ಮಲ್ಲೇಶ್ವರ_ಪಗ್
ರೈಲಲ್ಲಿ ಆಗಲ್ವಾ?

ಹೆದ್ದಾರಿ_75
ಎ.ಸಿ. ಫಸ್ಟ್ ಕ್ಲಾಸಲ್ಲಿ ಕೂಪೆ (2 ಬರ್ತ್) ಅಥವಾ ಕ್ಯಾಬಿನ್ (4 ಬರ್ತ್) ಇಡೀ ನಿಮ್ಮ ಹೆಸರಿಗೇ ಇದ್ದರೆ ಆಗುತ್ತೆ. ಸ್ಲೀಪರ್, ಟೂ ಟಯರ್, ತ್ರೀ ಟಯರ್, ಚೇರ್ ಕಾರ್‌ನಲ್ಲಿ ಇಲ್ಲ. ಇನ್ನೊಂದು ಗಾರ್ಡ್ ಬೋಗಿಯ ಡಬ್ಬಿ. ಶಬ್ದ, ಕತ್ತಲು, ಅದರಲ್ಲಿ ಕಳಿಸಿ ಅಂತ ನಾನು ಯಾರಿಗೂ ಹೇಳಲ್ಲ. ಎರಡಕ್ಕೂ ಪಾರ್ಸೆಲ್ ಆಫೀಸಲ್ಲಿ ಬುಕ್ ಮಾಡಿಸಬೇಕು, ಹೊಸದಾಗಿ ಪಡೆದ ಪಶುವೈದ್ಯರ ಪ್ರಮಾಣಪತ್ರ ಬೇಕು. ಮೂರು ರಾತ್ರಿಗೆ ಅಷ್ಟು ಓಡಾಟ ಬೇಡ.

ಕೊಡವ_ಅಡುಗೆಮನೆ
ಊಟದ ವಿಷಯ. 31 ಕೆ.ಜಿ. ಲ್ಯಾಬಿಗೆ ಒಣ ಆಹಾರ ದಿನಕ್ಕೆ 350-400 ಗ್ರಾಂ ಅಂದ್ಕೊಂಡರೆ ಮೂರು ದಿನಕ್ಕೆ 1.2 ಕೆ.ಜಿ., ಒಂದು ದಿನದ್ದು ಹೆಚ್ಚು ಇರಲಿ. ದಿಢೀರ್ ಊಟ ಬದಲಾಯಿಸಿದರೆ ಭೇದಿ, ಅದೂ ಬೇರೆಯೋರ ಮನೆ ನೆಲದ ಮೇಲೆ. ಅನ್ನ ಚಿಕನ್ ಬೇಯಿಸಿಕೊಡಿ ಅಂದರೆ ಎಲ್ಲರೂ ಕೊಡ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ, ಮೂಳೆ ಇಲ್ಲದೆ ಅಂತ ನಾಲ್ಕೂ ಬಿಡಿಸಿ ಹೇಳಿ.

ಪಂದಿ ಕರಿ ಇದ್ದ ದಿನ ಹುಷಾರು. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತೆ, ಆ ಕೊಬ್ಬು ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ದಾರಿ. ನೀವು ಕೊಡದಿದ್ದರೂ ಪಕ್ಕದ ಟೇಬಲ್ಲಿನ ಮಕ್ಕಳು ಕೊಡ್ತಾರೆ. ಊಟದ ಹೊತ್ತಿಗೆ ನಾಯಿ ರೂಮಲ್ಲಿರಲಿ.

ಏಲಕ್ಕಿ_ತೋಟ
ತಿನ್ನೋದರ ಜೊತೆ ಇದೂ ಸೇರಲಿ: ಕಾಫಿ. ಅರೇಬಿಕಾ ಕುಯಿಲು ನವೆಂಬರಿಂದ, ರೊಬಸ್ಟಾ ಆಮೇಲೆ, ಆಗ ಕಣದ ತುಂಬ ಕಾಫಿ ಹರಡಿರುತ್ತೆ. ಕಣದ ಮೇಲೆ ನಾಯಿ ನಡೆಸಿದರೆ ಮಾಲೀಕರ ಮುಖ ನೋಡೋ ಹಾಗಿರಲ್ಲ, ಉಚ್ಚೆ ಹೊಯ್ದರೆ ಮುಗೀತು. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಯಂತ್ರ) ನೀರಿನ ಗುಂಡಿಗೆ ಮೂತಿ ಹಾಕೋಕೂ ಬಿಡಬೇಡಿ. ಇನ್ನು ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆಗೆ ಮುಂಚೆ ಕಾಫಿಗೆ, ಅಡಿಕೆಗೆ ಮಳೆಗಾಲದ ನಡುವೆ ಇನ್ನೊಂದು ಸಲ ಹೊಡೀತೀವಿ. ಎಲೆ ಮೇಲೆ ಒಣಗಿದ್ದಕ್ಕೆ ಅಷ್ಟು ಚಿಂತೆ ಇಲ್ಲ, ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರು ನಾಯಿ ಕುಡೀಬಾರದು.

ಪಶುವೈದ್ಯೆ_ಹಾಸನ
ಕಾಫಿಗೆ ಲೆಕ್ಕ ಹೇಳ್ತೀನಿ. ರೊಬಸ್ಟಾ ಬೀಜದಲ್ಲಿ ಕೆಫೀನ್ ಸುಮಾರು 2%. ನಾಯಿಗೆ ಪ್ರತಿ ಕೆ.ಜಿ. ತೂಕಕ್ಕೆ 20 ಮಿ.ಗ್ರಾಂ.ಗೇ ಚಡಪಡಿಕೆ, ವಾಂತಿ ಶುರು, 60ರ ಹತ್ತಿರ ಫಿಟ್ಸ್. 100 ಗ್ರಾಂ ಬೀಜ ಜಗಿದು ನುಂಗಿದರೆ 2000 ಮಿ.ಗ್ರಾಂ., 31 ಕೆ.ಜಿ. ಲ್ಯಾಬಿಗೂ ಅದು 60ರ ಮೇಲೆ. ರೂಮಲ್ಲಿ ಉಡುಗೊರೆಗೆ ಅಂತ ಇಟ್ಟ ಕಾಫಿಪುಡಿ ಪ್ಯಾಕೆಟ್ ಮೊದಲು ಕಪಾಟಿಗೆ ಸೇರಿಸಿ. ರೆಸಾರ್ಟ್ ತೋಟಗಳಲ್ಲಿ ಅಂದಕ್ಕೆ ನೆಡೋ ಸೈಕಾಸ್, ಕಣಗಿಲೆ ಎರಡೂ ವಿಷ. ಸೈಕಾಸ್ ಬೀಜ ಯಕೃತ್ತನ್ನೇ ಕೆಡಿಸುತ್ತೆ. ಜ್ವರ ನೋವು ಅಂತ ನಿಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ.

ಹಾವು ಕಚ್ಚಿದರೆ ಕಟ್ಟೋದು, ಕೊಯ್ಯೋದು ಯಾವುದೂ ಇಲ್ಲ. ನಡೆಸದೆ ಎತ್ತಿಕೊಂಡು ಕಾರಿಗೆ. ನಮ್ಮ ದೇಶದ ಆ್ಯಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಮಲೆನಾಡಿನ ಗುಳಿಮಂಡಲಗಳಿಗೆ ಅದು ಕೆಲಸ ಮಾಡಲ್ಲ, ಅಲ್ಲಿ ಊತ, ನೋವು, ರಕ್ತಸ್ರಾವಕ್ಕಷ್ಟೇ ಚಿಕಿತ್ಸೆ. ಹಾಗಾಗಿ ಹಾವಿನ ಫೋಟೋ ಸಿಕ್ಕರೆ ಒಳ್ಳೇದು, ಅದಕ್ಕಾಗಿ ಹುಡುಕ್ತಾ ಕೂರಬೇಡಿ. ಹೊರಡೋ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಔಷಧಿ ಇದೆಯಾ ಕೇಳಿ.

ತಾಲ್ಲೂಕು ಪಶು ಆಸ್ಪತ್ರೆ ಮುಖ್ಯವಾಗಿ ದನಕರುಗಳಿಗೆ ಇರೋದು. ಡ್ರಿಪ್, ಹೊಲಿಗೆ, ಇಂಜೆಕ್ಷನ್ ಆಗುತ್ತೆ, ಎಕ್ಸ್‌ರೇ ನಿರೀಕ್ಷಿಸಬೇಡಿ. ಅದಕ್ಕೆ ಹಾಸನ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಸಹಾಯವಾಣಿ 1962.

ಕಾಡುಮೇಡು
ಸರಿ, ಬಾರು ಒಪ್ಪಿದೆ. ಟ್ರೆಕ್ಕಿಂಗ್?

ತುಂಗಾ_ತೀರ
ರಾಷ್ಟ್ರೀಯ ಉದ್ಯಾನ, ವನ್ಯಧಾಮದ ಒಳಗೆ ನಾಯಿ ಇಲ್ಲ. ಕುದುರೆಮುಖ, ಬಂಡೀಪುರ, ನಾಗರಹೊಳೆ ಎಲ್ಲ ಅದರಲ್ಲೇ ಬರುತ್ತೆ. ಬರೀ ದಂಡದ ಮಾತಲ್ಲ. ಡಿಸ್ಟೆಂಪರ್ ಥರದ ರೋಗ ಊರುನಾಯಿಂದ ಕಾಡುಪ್ರಾಣಿಗೆ ಹೋಗುತ್ತೆ. ತುದಿಯಲ್ಲಿ ದೇವಸ್ಥಾನ ಇರೋ ಗುಡ್ಡಗಳಿಗೂ ಬೇಡ. ತೋಟದ ಜೀಪ್ ರಸ್ತೆ, ಗದ್ದೆ ಬದು, ಕೆರೆ ಏರಿ ಸಾಕಷ್ಟಿದೆ.

ಏಲಕ್ಕಿ_ತೋಟ
ಬಂದ ಮೊದಲ ಅರ್ಧ ಗಂಟೆ ಹೇಗೆ ಕಳೀತೀರಿ ಅನ್ನೋದರ ಮೇಲೆ ಮೂರು ದಿನ ನಿಂತಿರುತ್ತೆ. ಕಾರಿಂದ ಇಳಿಸಿ ನೇರ ಅಂಗಳಕ್ಕೆ ನುಗ್ಗಿಸಬೇಡಿ, ಅದು ಮನೆ ನಾಯಿ ಜಾಗ. ಗೇಟಿನ ಹೊರಗೆ ಎರಡೂ ಕಡೆಯ ನಾಯಿಗೆ ಬಾರು ಹಾಕಿ, ಹತ್ತು ಹದಿನೈದು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ, ನಿಧಾನ ಹತ್ತಿರ ತನ್ನಿ. ಮೂತಿಗೆ ಮೂತಿ ತರಬೇಡಿ. ಎರಡು ನಾಯಿ ಇದ್ದರೆ ಒಂದೊಂದಾಗಿ. ಬೆದೆಗೆ ಬಂದ ಹೆಣ್ಣನ್ನ ಕರ್ಕೊಂಡು ಬರಲೇಬೇಡಿ, ಸುತ್ತಲ ಊರಿನ ಗಂಡುನಾಯಿಗಳೆಲ್ಲ ರಾತ್ರಿಯಿಡೀ ಬಾಗಿಲಲ್ಲಿರುತ್ತೆ. ಕೋಳಿ ಹಿಡಿದರೆ ಕೇಳದೆ ದುಡ್ಡು ಕೊಡಿ, ಲೈನ್ ಮನೆಯೋರ (ತೋಟದ ಕೆಲಸಗಾರರ) ಕೋಳಿ ಆದರೆ ಅವರ ಕೈಗೇ.

ಒಂದು ಹಳೇ ಬೆಡ್‌ಶೀಟ್, ನಾಯಿಗೊಂದು ಒರೆಸೋ ಟವೆಲ್, ಬಾಗಿಲ ಹತ್ತಿರ ಕಾಲೊರೆಸೋಕೆ ಗೋಣಿಚೀಲ ತನ್ನಿ. ಕೆಂಪು ಗಾರೆ ನೆಲ ಒದ್ದೆಯಾದರೆ ನಾಯಿಯೂ ಜಾರುತ್ತೆ, ಅಜ್ಜಿಯೂ ಜಾರ್ತಾರೆ. ಕಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾಫಿ ಬುಡಕ್ಕೆ ಎಸೆಯೋರಿದ್ದಾರೆ, ಅದು ಮಾತ್ರ ಬೇಡ. ಬಾವಿ ಹಳ್ಳದಿಂದ ದೂರ ಅರ್ಧ ಅಡಿ ಗುಂಡಿ ತೋಡಿ ಮುಚ್ಚಿ, ಗುದ್ದಲಿ ಕೇಳಿದರೆ ಕೊಡ್ತೀವಿ.

ಜಯನಗರ_ಲ್ಯಾಬ್
ಸಕಲೇಶಪುರ ಅಂತ ನಿಶ್ಚಯ ಮಾಡಿದೆ, ನಾಳೆ ಬೇಲಿ ಫೋಟೋ ಕೇಳ್ತೀನಿ. ಡಾಕ್ಟ್ರೇ, ವಾಪಸ್ ಬಂದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕಾ?

ಪಶುವೈದ್ಯೆ_ಹಾಸನ
ಲಕ್ಷಣ ಇಲ್ಲದೆ ಬಂದ ಮರುದಿನವೇ ಮಾಡಿಸಿದರೆ ಏನೂ ಕಾಣಲ್ಲ. ಮೂರು ವಾರ ಗಮನವಿಡಿ: ಊಟ ಬಿಡೋದು, ಮಂಕು, ಜ್ವರ, ವಸಡು ಬಿಳಿಚೋದು, ಮೂಗಲ್ಲಿ ರಕ್ತ, ಮೂತ್ರ ಕಂದು ಬಣ್ಣ. ಒಂದು ಕಂಡರೂ ಅದೇ ದಿನ ರಕ್ತ ಕೊಡಿ, ಪ್ಲೇಟ್‌ಲೆಟ್ ಸಂಖ್ಯೆ ಜೊತೆ ಬ್ಲಡ್ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ನೋಡೋ ಪರೀಕ್ಷೆ) ಬೇಕು ಅಂತ ಕೇಳಿ. ಲ್ಯಾಬ್ರಡಾರ್ ಊಟ ಬಿಟ್ಟರೆ ಮೂರು ವಾರ ಕಾಯೋದೇನೂ ಬೇಡ, ಸಂಜೆಯೇ ಕರ್ಕೊಂಡು ಹೋಗಿ. ಮಲೆನಾಡಿಗೆ ಹೋಗಿ ಬಂದದ್ದು ಅಂತ ಡಾಕ್ಟರಿಗೆ ಮೊದಲೇ ಹೇಳಿ.
ಕಿವಿಯನ್ನೂ ನೋಡಿ. ಜೋಲು ಕಿವಿ ನೆನೆದು ಒಣಗದಿದ್ದರೆ ವಾರದೊಳಗೆ ವಾಸನೆ, ಕಂದು ಕೀವಿನಂಥದ್ದು ಬರುತ್ತೆ. ಹಳ್ಳಕ್ಕೆ ಇಳಿದ ದಿನ ರಾತ್ರಿಯೇ ಒಣ ಹತ್ತಿಯಲ್ಲಿ ಒರೆಸಿ, ಬಡ್ಸ್ ಹಾಕಬೇಡಿ.